ಹಾಡಿನ ಕೊನೆಗೆ ಒಂದು ಹೆಸರು

ವ್ಯಕ್ತಿ ಪರಿಚಯದ ಪುಟಕ್ಕೆ ಈ ಸಲ ನಾನು ಬರೆಯಬೇಕು ಎಂದಾಗ ಗೆಳತಿಯರು ಒಂದು ಪಟ್ಟಿಯನ್ನೇ ಕೊಟ್ಟರು. ಟಿಪ್ಪು ಸುಲ್ತಾನ್, ಮೌಲಾನಾ ಆಜಾದ್, ಸರ್ ಮಿರ್ಜಾ ಇಸ್ಮಾಯಿಲ್, ಅಬ್ದುಲ್ ಕಲಾಂ. ಎಲ್ಲರೂ ದೊಡ್ಡವರೇ. ಆದರೆ ಅವರ ಬಗ್ಗೆ ನಾವು ಐದನೇ ಕ್ಲಾಸಿನಿಂದ ಬರೆಯುತ್ತಲೇ ಬಂದಿದ್ದೇವೆ. ನಾನು ಗೌಹರ್ ಜಾನ್ ಬಗ್ಗೆ ಬರೆಯುತ್ತೇನೆ ಎಂದೆ. ಸ್ಟಾಫ್ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇತಿಹಾಸದ ಸರ್, ಆಕೆ ತವಾಯಫ್ ಆಗಿದ್ದವರು, ಆ ವಿಷಯ ಬಿಟ್ಟು ಬರೆಯುತ್ತೀಯೋ ಸೇರಿಸಿ ಬರೆಯುತ್ತೀಯೋ ಎಂದು ಕೇಳಿದರು. ಸೇರಿಸಿಯೇ ಬರೆಯುತ್ತೇನೆ ಎಂದೆ. ಹಾಗಾದರೆ ಬರಿ ಎಂದರು.

ಸಂಗೀತ ಕೇಳಬಹುದೇ ಬಾರದೇ ಎಂಬ ವಿಷಯದಲ್ಲಿ ನಮ್ಮ ಹಿರಿಯರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವಷ್ಟು ಇಲ್ಮ್ ನನಗಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿನಿ. ಒಬ್ಬ ಹೆಂಗಸು ತನ್ನ ವಿದ್ಯೆಯಿಂದ ಎಷ್ಟು ದುಡಿದರು, ಆ ದುಡಿಮೆ ಕೊನೆಗೆ ಯಾರ ಪಾಲಾಯಿತು ಎಂಬ ಲೆಕ್ಕವೇ ನನ್ನನ್ನು ಈ ಕತೆಗೆ ಎಳೆದದ್ದು. ಇನ್ನೊಂದು ಕಾರಣವೂ ಇದೆ. ಕಲ್ಕತ್ತೆಯಲ್ಲಿ ಹೆಸರು ಮಾಡಿ ಇಡೀ ದೇಶಕ್ಕೆ ಗೊತ್ತಿದ್ದ ಈ ಗಾಯಕಿ ಕಣ್ಣು ಮುಚ್ಚಿದ್ದು ನಮ್ಮ ಮೈಸೂರಿನಲ್ಲಿ.

ಅವರು ಹುಟ್ಟಿದ್ದು 1873ರ ಜೂನ್ 26ರಂದು, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಹುಟ್ಟಿದಾಗ ಅವರ ಹೆಸರು ಗೌಹರ್ ಅಲ್ಲ, ಏಂಜಲಿನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್ ಅರ್ಮೇನಿಯನ್ ಮೂಲದ ಎಂಜಿನಿಯರ್. ತಾಯಿ ವಿಕ್ಟೋರಿಯಾ ಹೆಮಿಂಗ್ಸ್ ಹುಟ್ಟಿ ಬೆಳೆದದ್ದು ಭಾರತದಲ್ಲೇ. ಅವರ ತಂದೆ ಆಂಗ್ಲರು, ತಾಯಿ ಭಾರತೀಯರು. ವಿಕ್ಟೋರಿಯಾಗೆ ಹಾಡು, ಕುಣಿತ, ಕವಿತೆ ಎಲ್ಲದರಲ್ಲೂ ಆಸಕ್ತಿ. ಗಂಡ ಹೆಂಡತಿಗೆ ಸರಿಬರಲಿಲ್ಲ. 1879ರಲ್ಲಿ ವಿಚ್ಛೇದನವಾಯಿತು. ಏಂಜಲಿನಾಗೆ ಆಗ ಆರು ವರ್ಷ.

ಗಂಡ ಬಿಟ್ಟ, ಕೈಯಲ್ಲಿ ಮಗು ಇರುವ ಹೆಂಗಸು 1879ರಲ್ಲಿ ಎಲ್ಲಿಗೆ ಹೋಗಬೇಕು? ವಿಕ್ಟೋರಿಯಾ ಎರಡು ವರ್ಷದ ನಂತರ ಖುರ್ಷೀದ್ ಎಂಬ ಮುಸ್ಲಿಂ ಗೃಹಸ್ಥರ ಆಶ್ರಯದಲ್ಲಿ ಬನಾರಸಿಗೆ ಬಂದರು. ಖುರ್ಷೀದ್ ಸಂಗೀತ ಬಲ್ಲವರು, ವಿಕ್ಟೋರಿಯಾರ ಕಲೆಗೆ ಬೆಲೆ ಕೊಟ್ಟವರು. ಅಲ್ಲಿ ತಾಯಿ ಮಗಳಿಬ್ಬರೂ ಇಸ್ಲಾಂ ಸ್ವೀಕರಿಸಿದರು. ತಾಯಿ ಮಲಕಾ ಜಾನ್ ಆದರು, ಮಗಳು ಗೌಹರ್ ಜಾನ್. ಗೌಹರ್ ಎಂದರೆ ಮುತ್ತು. ಮಲಕಾ ಜಾನ್ ಹೆಸರಿನ ಇನ್ನೂ ಮೂವರು ಗಾಯಕಿಯರು ಆಗ ಪ್ರಸಿದ್ಧರಾಗಿದ್ದರಿಂದ, ವಯಸ್ಸಿನಲ್ಲಿ ಹಿರಿಯರಾದ ಇವರನ್ನು ಜನ ಬಡೀ ಮಲಕಾ ಜಾನ್ ಎಂದು ಕರೆದರು.

ಇಲ್ಲಿ ತವಾಯಫ್ ಎಂಬ ಪದದ ಬಗ್ಗೆ ಹೇಳಿಬಿಡುತ್ತೇನೆ. ಹಿಂದಿ ಸಿನಿಮಾ ನೋಡಿ ನಾವು ಕಲಿತ ಅರ್ಥ ಪೂರ್ತಿ ಅರ್ಥವಲ್ಲ. ಉತ್ತರ ಭಾರತದ ನವಾಬರ, ಜಮೀನುದಾರರ ಊರುಗಳಲ್ಲಿ ಗಾಯನ, ಕಥಕ್, ಉರ್ದು ಫಾರ್ಸಿ ಕಾವ್ಯ, ನಾಲ್ಕು ಜನರ ನಡುವೆ ಮಾತಾಡುವ ತಹಜೀಬ್, ಇಷ್ಟನ್ನೂ ಚಿಕ್ಕಂದಿನಿಂದ ಕಲಿತು ಅದರಿಂದಲೇ ಬದುಕುತ್ತಿದ್ದ ಹೆಂಗಸರು ಅವರು. ದೊಡ್ಡ ಮನೆತನದ ಹುಡುಗರನ್ನು ಮಾತು ನಡತೆ ಕಲಿಯಲು ಇವರ ಬಳಿಗೆ ಕಳಿಸುತ್ತಿದ್ದರು. ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. 1857ರ ದಂಗೆಯ ನಂತರದ ಲಕ್ನೋ ತೆರಿಗೆ ದಾಖಲೆಗಳಲ್ಲಿ ಅತಿ ಹೆಚ್ಚು ತೆರಿಗೆ ಕಟ್ಟುವವರ ಸಾಲಿನಲ್ಲಿ ಈ ಹೆಂಗಸರ ಹೆಸರುಗಳಿವೆ. ಅದೇ ಊರಿನಲ್ಲಿ ಮರ್ಯಾದಸ್ಥ ಮನೆಯ ಹೆಂಗಸರ ಹೆಸರು ಯಾವ ದಾಖಲೆಯಲ್ಲೂ ಇರುತ್ತಿರಲಿಲ್ಲ. ಹಾಗೆಂದು ಅದು ಸುಖದ ಬದುಕು ಎಂದು ನಾನು ಹೇಳುವುದಿಲ್ಲ. ಆ ಮನೆಗಳಲ್ಲಿ ಹುಟ್ಟಿದ ಹುಡುಗಿಗೆ ಬೇರೆ ದಾರಿ ಇರುತ್ತಿರಲಿಲ್ಲ, ಗಂಡಸರ ಲೋಭ ಅವಳ ಬಾಗಿಲಲ್ಲೇ ನಿಂತಿರುತ್ತಿತ್ತು. ರಾತ್ರಿ ಬಂದು ಹಾಡು ಕೇಳಿ ಹೋದವರೇ ಹಗಲಲ್ಲಿ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

1883ರಲ್ಲಿ ಮಲಕಾ ಜಾನ್ ಮಗಳನ್ನು ಕರೆದುಕೊಂಡು ಕಲ್ಕತ್ತೆಗೆ ಬಂದರು. ಅವಧದ ಕೊನೆಯ ನವಾಬ ವಾಜಿದ್ ಅಲಿ ಶಾಹ್ ಅವರನ್ನು ಬ್ರಿಟಿಷರು 1856ರಲ್ಲಿ ಪಟ್ಟದಿಂದ ಇಳಿಸಿದ್ದರು. ಅವರು ಕಲ್ಕತ್ತೆಯ ಅಂಚಿನ ಮಟಿಯಾಬುರ್ಜ್‌ನಲ್ಲಿ ಒಂದು ಚಿಕ್ಕ ಲಕ್ನೋವನ್ನೇ ಕಟ್ಟಿಕೊಂಡು ಕವಿಗಳನ್ನೂ ಗಾಯಕರನ್ನೂ ಸೇರಿಸಿಕೊಂಡಿದ್ದರು. ಮಲಕಾ ಜಾನ್‌ಗೆ ಅಲ್ಲಿ ಜಾಗ ಸಿಕ್ಕಿತು. ಮೂರೇ ವರ್ಷದಲ್ಲಿ ಅವರು ಚಿತ್ಪುರ ರಸ್ತೆಯಲ್ಲಿ 40,000 ರೂಪಾಯಿ ಕೊಟ್ಟು ಸ್ವಂತ ಕಟ್ಟಡ ಕೊಂಡರು. 1886ರಲ್ಲಿ ಅವರ ಉರ್ದು ಗಜಲ್‌ಗಳ ದೀವಾನ್ ಅಚ್ಚಾಯಿತು. ಏಳು ವರ್ಷದ ಹಿಂದೆ ನೆಲೆಯಿಲ್ಲದೆ ನಿಂತಿದ್ದ ಹೆಂಗಸು ಇವರೇ.

ಮಗಳ ಕಲಿಕೆಗೆ ಮಲಕಾ ಜಾನ್ ಯಾವುದನ್ನೂ ಕಡಿಮೆ ಮಾಡಲಿಲ್ಲ. ಪಟಿಯಾಲದ ಕಾಲೇ ಖಾನ್, ಅಲಿ ಬಕ್ಷ್, ರಾಂಪುರದ ವಜೀರ್ ಖಾನ್ ಗಾಯನ ಕಲಿಸಿದರು. ಕಥಕ್ ಕಲಿಸಿದವರು ಲಕ್ನೋದ ಬಿಂದಾದೀನ್ ಮಹಾರಾಜ್. ಬಂಗಾಳಿ ಕೀರ್ತನೆಗೆ ಚರಣ್ ದಾಸ್. ಗೌಹರ್ ಸ್ವತಃ ಹಮ್‌ದಮ್ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದರು. 1887ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ದರ್ಭಾಂಗ ಮಹಾರಾಜರ ಆಸ್ಥಾನದಲ್ಲಿ ಮೊದಲ ಬಾರಿ ಹಾಡಿ ಅಲ್ಲಿಯ ಆಸ್ಥಾನ ಕಲಾವಿದೆಯಾದರು. ನಾವು ಆ ವಯಸ್ಸಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿರುತ್ತೇವೆ.

ಆಗ ದುಡ್ಡು ಕೊಟ್ಟು ಸಂಜೆ ಹೊತ್ತು ಹಾಡು ಕೇಳುವ ಜಾಗಗಳು ಕಲ್ಕತ್ತೆಯಲ್ಲಿ ಮಾತ್ರ ಇದ್ದವು ಎಂದಲ್ಲ. 1881ರಲ್ಲಿ ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದ ಮೇಲೆ ಕಪ್ಪು ಬೆಕ್ಕಿನ ಹೆಸರಿಟ್ಟ ಒಂದು ಅಂಗಡಿ ತೆರೆಯಿತು. ಪಿಯಾನೋ ಪಕ್ಕ ನಿಂತು ಕವಿಗಳೂ ಗಾಯಕರೂ ಹಾಡುತ್ತಿದ್ದ ಆ ಜಾಗದಿಂದಲೇ ಕ್ಯಾಬರೆ ಎಂಬ ಮಾತು ಜಗತ್ತಿಗೆಲ್ಲ ಹಬ್ಬಿತು. ನಮ್ಮ ಸಿನಿಮಾದವರು ಆ ಪದಕ್ಕೆ ಕೊಟ್ಟ ಅರ್ಥವೇ ಬೇರೆ. ಹತ್ತಿರ ಕೂತ ಕೆಲವೇ ಜನರ ಮುಖ ನೋಡಿ, ಅವರ ಮನಸ್ಸು ತಿಳಿದು, ಮುಂದಿನ ಸಾಲನ್ನು ತಿರುಗಿಸಿ ಹಾಡುವುದು ಆ ಗಾಯಕರ ಕಸುಬು. ಗೌಹರ್ ಜಾನ್ ಮೆಹಫಿಲ್‌ಗಳಲ್ಲಿ ಮಾಡುತ್ತಿದ್ದುದೂ ಅದನ್ನೇ. ಒಂದೇ ಠುಮ್ರಿಯ ಒಂದೇ ಸಾಲಿಗೆ ಹತ್ತು ಬಗೆಯ ಭಾವ ಕೊಟ್ಟು ಗಂಟೆಗಟ್ಟಲೆ ಹಾಡುವುದು.

ಇಂಥವರ ಎದುರಿಗೆ 1902ರ ನವೆಂಬರ್‌ನಲ್ಲಿ ಒಂದು ತಗಡಿನ ಕೊಳವೆ ಬಂದು ನಿಂತಿತು.

ಫ್ರೆಡರಿಕ್ ವಿಲಿಯಂ ಗೈಸ್‌ಬರ್ಗ್ ಎಂಬ ಅಮೆರಿಕನ್ ತಂತ್ರಜ್ಞ ಗ್ರಾಮೊಫೋನ್ ಕಂಪನಿಯ ಪರವಾಗಿ ಯಂತ್ರ ಹೊತ್ತುಕೊಂಡು ಹಡಗಿನಲ್ಲಿ ಕಲ್ಕತ್ತೆಗೆ ಬಂದಿದ್ದರು. ಅವರೂ 1873ರಲ್ಲೇ ಹುಟ್ಟಿದವರು. ಇಬ್ಬರಿಗೂ ಆಗ ಇಪ್ಪತ್ತೊಂಬತ್ತು. ಭಾರತದಲ್ಲಿ ಮೊದಲು ಹಾಡು ಮುದ್ರಿಸಿದವರು ಗೌಹರ್ ಜಾನ್ ಎಂದು ಎಲ್ಲ ಕಡೆ ಬರೆಯುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಕೆಲವು ದಿನ ಮೊದಲು ಕಲ್ಕತ್ತೆಯ ನಾಟಕ ಮಂದಿರದ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ಹುಡುಗಿಯರು ಆ ಕೊಳವೆಗೆ ಹಾಡಿದ್ದರು. ಅವರ ಹೆಸರು ಯಾರಿಗೂ ನೆನಪಿಲ್ಲ ಎಂದು ಇಲ್ಲಿ ಸೇರಿಸಿದ್ದೇನೆ. ಆದರೆ ಆ ಹೊತ್ತಿಗಾಗಲೇ ಹೆಸರಾಗಿದ್ದ ದೊಡ್ಡ ಕಲಾವಿದರಲ್ಲಿ ಮೊದಲಿಗರು ಗೌಹರ್ ಜಾನ್ ಎಂಬುದು ನಿಜ. ಯಂತ್ರಕ್ಕೆ ಹಾಡಿದರೆ ಕಂಠ ಹೋಗುತ್ತದೆ, ಕಲಿತದ್ದನ್ನು ಬೇರೆಯವರು ಕದಿಯುತ್ತಾರೆ ಎಂದು ಉಸ್ತಾದರು ಹಿಂದೆ ಮುಂದೆ ನೋಡುತ್ತಿದ್ದಾಗ ಈ ಹೆಂಗಸರು ಧೈರ್ಯ ಮಾಡಿ ಬಂದು ನಿಂತರು.

ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂದು ಪುಸ್ತಕದಲ್ಲಿ ಓದಿದಾಗ ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವರು ಅಬ್ಬು. ಅವರು ಪೀಣ್ಯದಲ್ಲಿ ಲೇತ್ ಆಪರೇಟರ್. ಆಗ ಮೈಕ್ ಇರಲಿಲ್ಲ. ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಶುರುವಾದದ್ದು 1925ರಲ್ಲಿ. ಅದಕ್ಕೂ ಮೊದಲು ಗಾಯಕರು ದೊಡ್ಡ ಕೊಳವೆಯೊಳಗೆ ಬಾಯಿಟ್ಟು ಜೋರಾಗಿ ಹಾಡಬೇಕು. ಕೊಳವೆಯ ತುದಿಯಲ್ಲಿ ತೆಳ್ಳನೆಯ ಪೊರೆ, ಪೊರೆಗೆ ಸೇರಿದ ಒಂದು ಮೊಳೆ, ಮೊಳೆಯ ಕೆಳಗೆ ತಿರುಗುವ ಮೇಣದ ತಟ್ಟೆ. ಧ್ವನಿಗೆ ಪೊರೆ ನಡುಗಿದಂತೆ ಮೊಳೆಯೂ ನಡುಗಿ ಮೇಣದಲ್ಲಿ ಸುರುಳಿಯಾಗಿ ಗೀರುತ್ತಾ ಹೋಗುತ್ತದೆ. ಇಷ್ಟು ಓದಿ ಹೇಳಿದ ಮೇಲೆ ಅಬ್ಬು ನಕ್ಕರು. ಜಾಬ್ ಓಡುವಾಗ ಟೂಲ್ ನಡುಗಿದರೆ ಮೈಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದಂತೆ, ಅಂಥ ಪೀಸ್ ರಿಜೆಕ್ಟ್ ಆಗುತ್ತದಂತೆ. ನಮ್ಮ ಶಾಪ್‌ನಲ್ಲಿ ಯಾವುದು ತಪ್ಪೋ ಅದನ್ನೇ ಅವರು ಬೇಕೆಂದು ಮಾಡಿ ಹಾಡು ಹಿಡಿದಿದ್ದಾರೆ ಎಂದು ಅವರಿಗೆ ಬಹಳ ಆಶ್ಚರ್ಯ. ಊಟ ಮುಗಿಯುವವರೆಗೂ ಅದನ್ನೇ ಮಾತಾಡಿದರು.

ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ತಲೆ ಅಲ್ಲಾಡಿಸುವಂತಿಲ್ಲ, ಕೈ ಎತ್ತಿ ಭಾವ ತೋರಿಸುವಂತಿಲ್ಲ, ತಪ್ಪಿದರೆ ಆ ಮೇಣ ಹಾಳು. ಎದುರಿಗೆ ವಾಹ್ ಎನ್ನುವವರೂ ಇಲ್ಲ. ಗಂಟೆಗಟ್ಟಲೆ ಹಾಡಿ ಅಭ್ಯಾಸವಾದವರಿಗೆ ಇದು ಉಸಿರು ಕಟ್ಟಿದಂತೆ. ಗೌಹರ್ ಜಾನ್ ಆ ಮೂರು ನಿಮಿಷಕ್ಕೆ ಹೊಸ ಲೆಕ್ಕ ಹಾಕಿದರು. ಆಲಾಪ ಬಹಳ ಚಿಕ್ಕದು, ನೇರವಾಗಿ ಸ್ಥಾಯಿ, ಅಂತರಾ, ನಡುವೆ ಮಿಂಚಿನಂಥ ತಾನ್‌ಗಳು, ಮುಗಿಯುವಾಗ ಲಯ ಚುರುಕು. ಮುಂದೆ ಬಂದ ಗಾಯಕ ಗಾಯಕಿಯರು ಅದೇ ದಾರಿ ಹಿಡಿದರು. ಸಿನಿಮಾ ಹಾಡುಗಳು ಮೂರು ನಾಲ್ಕು ನಿಮಿಷಕ್ಕೆ ನಿಂತದ್ದಕ್ಕೂ ಈ ತಟ್ಟೆಯ ಅಳತೆಯೇ ಕಾರಣ.

ಹಾಡು ಮುಗಿದ ತಕ್ಷಣ, ಮೊಳೆ ಇನ್ನೂ ಗೀರುತ್ತಿರುವಾಗಲೇ, ಅವರು ಜೋರು ದನಿಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಇದು ಜಂಭವಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹಾನೋವರ್‌ಗೆ ಹೋಗಿ ಅಲ್ಲಿ ಅರಗಿನ ರೆಕಾರ್ಡುಗಳಾಗಿ ಅಚ್ಚಾಗಬೇಕಿತ್ತು. ಹಿಂದುಸ್ತಾನಿ ಬಾರದ ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದ್ದು, ಯಾವ ಲೇಬಲ್ ಅಂಟಿಸಬೇಕು ಎಂದು ಗೊತ್ತಾಗಲಿ ಎಂದು ಮಾಡಿದ ಏರ್ಪಾಡು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಬಂತು. ಅಷ್ಟು ಹೊತ್ತಿಗೆ ಜನರಿಗೆ ಆ ಹೆಸರು ಹೇಳುವ ದನಿಯೇ ಹಾಡಿನ ಭಾಗವಾಗಿ ಹೋಗಿತ್ತು. ಹೆಂಗಸರ ಹೆಸರು ಹೊಸಿಲು ದಾಟಬಾರದು ಎಂದಿದ್ದ ಕಾಲದಲ್ಲಿ ಒಬ್ಬರು ತಮ್ಮ ಹೆಸರನ್ನು ತಾವೇ ಹೇಳಿ ಅಂಗಡಿ ಅಂಗಡಿಗೂ ಕಳಿಸುತ್ತಿದ್ದರು.

ಈಗ ದುಡ್ಡಿನ ಲೆಕ್ಕ. ಒಂದು ರೆಕಾರ್ಡಿಂಗಿಗೆ ಅವರು ಪಡೆದದ್ದು 3,000 ರೂಪಾಯಿ ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಆಗ ಕಾನೂನಿನ ಪ್ರಕಾರ ಒಂದು ಬ್ರಿಟಿಷ್ ಸವರನ್ನಿಗೆ, ಅಂದರೆ ಒಂದು ಪೌಂಡ್ ಚಿನ್ನದ ನಾಣ್ಯಕ್ಕೆ, 15 ರೂಪಾಯಿ. ಮೂರು ಸಾವಿರವನ್ನು ಹದಿನೈದರಿಂದ ಭಾಗಿಸಿದರೆ ಇನ್ನೂರು ಸವರನ್. ಅದೇ 1902ರ ಏಪ್ರಿಲ್‌ನಲ್ಲಿ ಅದೇ ಗೈಸ್‌ಬರ್ಗ್ ಇಟಲಿಯ ಮಿಲಾನ್‌ನಲ್ಲಿ ಎನ್ರಿಕೊ ಕರೂಸೊ ಎಂಬ ಜಗತ್ಪ್ರಸಿದ್ಧ ಗಾಯಕರ ಹತ್ತು ಹಾಡು ಮುದ್ರಿಸಿದ್ದರು. ಕರೂಸೊಗೆ ಕೊಟ್ಟದ್ದು 100 ಪೌಂಡ್. ಅಷ್ಟೊಂದು ಕೊಡಬೇಡಿ ಎಂದು ಕಂಪನಿಯ ಕಚೇರಿಯಿಂದ ತಂತಿ ಬಂದಿತ್ತಂತೆ. ಈ ಲೆಕ್ಕವನ್ನು ನಾನು ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಸಲ ಮಾಡಿ ನೋಡಿದೆ. ಇನ್ನೂರು ಸವರನ್ನೇ ಬಂತು.

1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳು ಮುದ್ರಣವಾದವು. ಹಿಂದುಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಫಾರ್ಸಿ, ಅರಬಿ, ಪಶ್ತೊ, ಇಂಗ್ಲಿಷ್, ಫ್ರೆಂಚ್. ಖಯಾಲ್, ಠುಮ್ರಿ, ದಾದ್ರಾ, ಕಜ್ರಿ, ಚೈತಿ, ಭಜನೆ, ತರಾನಾ ಏನನ್ನೂ ಬಿಡಲಿಲ್ಲ. ಕೃಷ್ಣನ ಮೇಲೆ ಹಾಡಿದ ಕಂಠದಲ್ಲೇ ಮದೀನಾವನ್ನು ನೆನೆಯುವ ಹಾಡೂ ಇದೆ. ಆಸ್ಟ್ರಿಯಾದಲ್ಲಿ ತಯಾರಾಗಿ ಇಲ್ಲಿಗೆ ಬರುತ್ತಿದ್ದ ಬೆಂಕಿಪೊಟ್ಟಣಗಳ ಮೇಲೆ ಅವರ ಚಿತ್ರ ಇತ್ತು. 1911ರ ಡಿಸೆಂಬರ್‌ನ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆಯ ಎದುರು ಅಲಹಾಬಾದಿನ ಜಾನಕಿ ಬಾಯಿ ಅವರ ಜೊತೆ ಹಾಡಿ ನೂರು ಗಿನಿ ಬಹುಮಾನ ಪಡೆದರು.

ಶ್ರೀಮಂತಿಕೆಯ ಕತೆಗಳಿಗೆ ಕೊನೆಯಿಲ್ಲ. ಪ್ರತಿ ಸಲ ರೆಕಾರ್ಡಿಂಗಿಗೆ ಬರುವಾಗ ಬೇರೆ ಬೇರೆ ಒಡವೆ. ಸಾಕಿದ ಬೆಕ್ಕು ಮರಿ ಹಾಕಿತೆಂದು 20,000 ರೂಪಾಯಿ ಖರ್ಚು ಮಾಡಿ ಔತಣ. ನಾಲ್ಕು ಕುದುರೆಯ ಸಾರೋಟಿನಲ್ಲಿ ಹೋಗುವ ಹಕ್ಕು ತನಗಿಲ್ಲವೆಂದು ಗೊತ್ತಿದ್ದೂ ಹೋಗಿ 1,000 ರೂಪಾಯಿ ದಂಡ ಕಟ್ಟಿದ್ದು. ಇವುಗಳಲ್ಲಿ ಎಷ್ಟು ನಿಜವೋ ಎಷ್ಟು ಜನ ಸೇರಿಸಿದ್ದೋ. ಮಹಾರಾಜರು ಬೇಟೆಗೆ ಲಕ್ಷ ಸುರಿದರೆ ಅದು ವೈಭವ, ದುಡಿದ ಹೆಂಗಸು ಬೆಕ್ಕಿಗೆ ಖರ್ಚು ಮಾಡಿದರೆ ನೂರು ವರ್ಷದ ನಂತರವೂ ಎಲ್ಲರೂ ಬರೆಯುತ್ತಾರೆ. ನಾನೂ ಬರೆದೆ.

ನನಗೆ ಹಿಡಿಸಿದ ಕತೆ ಇನ್ನೊಂದು. 1920ರಲ್ಲಿ ಗಾಂಧೀಜಿ ಸ್ವರಾಜ್ ನಿಧಿಗೆ ಹಣ ಸೇರಿಸಿಕೊಡಲು ಅವರನ್ನು ಕೇಳಿದರಂತೆ. ಗಾಂಧೀಜಿ ಬಂದು ಕೂತು ಕೇಳುವುದಾದರೆ ಕಛೇರಿ ಮಾಡುತ್ತೇನೆ ಎಂದು ಗೌಹರ್ ಜಾನ್ ಷರತ್ತು ಹಾಕಿದರು. ಕಛೇರಿಗೆ 24,000 ರೂಪಾಯಿ ಕೂಡಿತು. ಗಾಂಧೀಜಿಗೆ ಬರಲಾಗಲಿಲ್ಲ, ಹಣ ಪಡೆಯಲು ಮೌಲಾನಾ ಶೌಕತ್ ಅಲಿ ಬಂದರು. ಅವರ ಕೈಗೆ ಬಂದದ್ದು 12,000. ಮಾತು ಅರ್ಧ ನಡೆದಿದೆ, ಹಣವೂ ಅರ್ಧ ಎಂಬುದು ಗೌಹರ್ ಜಾನ್ ಅವರ ಲೆಕ್ಕ. ಅವರ ಹಣ ಬೇಕು, ಅವರ ಸಭೆಯಲ್ಲಿ ಕೂರುವುದು ಬೇಡ ಎನ್ನುವವರನ್ನು ಜೀವನದುದ್ದಕ್ಕೂ ನೋಡಿದವರು ಹಾಗೆ ಮಾಡಿದರೆ ತಪ್ಪೆಂದು ನನಗೆ ಅನಿಸುವುದಿಲ್ಲ. ನಮ್ಮ ಸರ್ ಇದನ್ನು ಒಪ್ಪುವುದಿಲ್ಲ. ನಿಧಿಗೆ ಕೊಟ್ಟ ಮಾತಿನಲ್ಲಿ ಚೌಕಾಸಿ ಇರಬಾರದು ಎಂದು ಅವರ ಅಭಿಪ್ರಾಯ.

ಇಷ್ಟು ದುಡಿದವರ ಹಣ ಎಲ್ಲಿ ಹೋಯಿತು? ಗೌಹರ್ ಜಾನ್ ಕತೆಯನ್ನು ಮನೆಯಲ್ಲಿ ಹೇಳುವಾಗ ಅಮ್ಮಿ ಕೇಳಿದ ಮೊದಲ ಪ್ರಶ್ನೆ ಮಕ್ಕಳು ಎಷ್ಟು ಎಂಬುದಲ್ಲ. ಮನೆ ಯಾರ ಹೆಸರಿನಲ್ಲಿತ್ತು ಎಂದು ಕೇಳಿದರು. ಅಮ್ಮಿ ಹದಿನಾರು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾರೆ. ಹಾಗಾಗಿ ಅವರಿಗೆ ಮೊದಲು ಹೊಳೆಯುವುದು ಅದೇ.

1906ರಲ್ಲಿ ಮಲಕಾ ಜಾನ್ ತೀರಿಕೊಂಡರು. ಮನೆಯ ಕೆಲಸದಾಕೆ ಆಶಿಯಾಳ ಮಗ ಭಗ್ಲು ಗೌಹರ್ ಜೊತೆಯಲ್ಲೇ ಆ ಮನೆಯಲ್ಲಿ ಬೆಳೆದವನು. ಅವನು ಕೋರ್ಟಿಗೆ ಹೋದ. ಮಲಕಾ ಜಾನ್‌ರ ಮಗ ತಾನು, ಗೌಹರ್ ಮದುವೆಯಿಂದ ಹುಟ್ಟಿದವಳಲ್ಲ, ಆಸ್ತಿ ತನಗೇ ಸೇರಬೇಕು ಎಂಬುದು ಅವನ ವಾದ. ಲಕ್ಷಾಂತರ ಜನರಿಗೆ ಯಾರ ಹೆಸರು ಗೊತ್ತಿತ್ತೋ ಅವರೇ ತಾವು ಯಾರ ಮಗಳು ಎಂದು ನ್ಯಾಯಾಧೀಶರಿಗೆ ತೋರಿಸಬೇಕಾಯಿತು. ಗೌಹರ್ ಜಾನ್ ತಮ್ಮ ಆರನೇ ವಯಸ್ಸಿನಲ್ಲಿ ಬಿಟ್ಟುಹೋದ ತಂದೆಯನ್ನು ಹುಡುಕಿಸಿದರು. ರಾಬರ್ಟ್ ಯೋವರ್ಡ್ ಸಿಕ್ಕರು, ಬಂದು ಸಾಕ್ಷಿ ಹೇಳಿದರು. ಏಂಜಲಿನಾ ಎಂಬ ಹಳೆಯ ಹೆಸರು, ಚರ್ಚಿನ ದಾಖಲೆ ಎಲ್ಲ ಹೊರಗೆ ಬಂದವು. ಮೊಕದ್ದಮೆ ಗೌಹರ್ ಜಾನ್ ಪರವಾಗಿ ತೀರ್ಮಾನವಾಯಿತು. ಗೆದ್ದದ್ದೇನೋ ಹೌದು, ಆದರೆ ಕೋರ್ಟಿಗೆ ಅಲೆದವರಿಗೆ ಗೊತ್ತು, ಗೆದ್ದವರ ಮನೆಯಿಂದಲೂ ಹಣ ಹೋಗುತ್ತದೆ. ತಂದೆಯನ್ನು ಅಷ್ಟು ವರ್ಷದ ನಂತರ ಕೋರ್ಟಿನಲ್ಲಿ ನೋಡಿದಾಗ ಆ ಮಗಳಿಗೆ ಹೇಗಾಗಿರಬೇಕು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಅದೇ ಕಾಲದಲ್ಲಿ ಗುಜರಾತಿನ ರಂಗನಟ ಅಮೃತ ಕೇಶವ ನಾಯಕ ಅವರ ಸ್ನೇಹ ಆಗಿತ್ತು. ಅವರು 1907ರಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡರು. ಒಂದು ವರ್ಷದ ಅಂತರದಲ್ಲಿ ತಾಯಿಯೂ ಇಲ್ಲ, ಸ್ನೇಹಿತರೂ ಇಲ್ಲ. ಹೆಚ್ಚುತ್ತಿದ್ದದ್ದು ರೆಕಾರ್ಡುಗಳ ಮಾರಾಟ ಮಾತ್ರ.

ಆಮೇಲೆ ಸಯ್ಯದ್ ಗುಲಾಂ ಅಬ್ಬಾಸ್. ಗೌಹರ್ ಜಾನ್‌ರ ವ್ಯವಹಾರ ನೋಡಿಕೊಳ್ಳಲು ಬಂದ, ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವರಾದ ಕಾರ್ಯದರ್ಶಿ. ನಂಬಿಕೆ ಬೆಳೆಯಿತು, ಮದುವೆಯಾಯಿತು. ಲೆಕ್ಕ ಪತ್ರ ಎಲ್ಲ ಅವರ ಕೈಯಲ್ಲಿ. ಅವರು ನಂಬಿಕೆಗೆ ತಕ್ಕವರಲ್ಲ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಮತ್ತೆ ಕೋರ್ಟು, ಮತ್ತೆ ವಕೀಲರು, ಮನೆ ಆಸ್ತಿಗಳು ಒಂದೊಂದಾಗಿ ಕೈ ಬಿಟ್ಟವು. ಮೂರು ನಿಮಿಷದಲ್ಲಿ ಇನ್ನೂರು ಸವರನ್ನಿನ ಕೆಲಸ ಮಾಡಬಲ್ಲವರು ಸಹಿ ಹಾಕುವ ಮೊದಲು ಕಾಗದ ಯಾಕೆ ಓದಿಸಲಿಲ್ಲ ಎಂದು ನನಗೆ ಸಿಟ್ಟು ಬಂತು. ಅಮ್ಮಿಗೆ ಸಿಟ್ಟು ಬರಲಿಲ್ಲ. ಮನೆಯವರು ಅಂದುಕೊಂಡವರ ಮುಂದೆ ಯಾರು ಕಾಗದ ಓದಿಸುತ್ತಾರೆ ಎಂದು ಸುಮ್ಮನಾದರು.

1920ರ ನಂತರ ರೆಕಾರ್ಡುಗಳೂ ಕಡಿಮೆಯಾದವು. ಹೊಸ ಕಂಠಗಳು ಬಂದವು. ಕಲ್ಕತ್ತೆ ಬಿಟ್ಟು ಊರೂರು ಆಸ್ಥಾನಗಳ ಆಶ್ರಯ ಹುಡುಕುವ ದಿನಗಳು ಬಂದವು. ಹಾಗೆ ಸುತ್ತಿ ಬಂದವರಿಗೆ ಮೈಸೂರಿನಿಂದ ಕರೆ ಬಂತು.

ಆಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಅವರು ಬರೀ ಸಂಗೀತ ಕೇಳುವ ದೊರೆಯಲ್ಲ. ವೀಣೆ, ಪಿಟೀಲು, ಕೊಳಲಿನ ಜೊತೆ ಪಿಯಾನೋ, ಸ್ಯಾಕ್ಸೊಫೋನ್ ಕೂಡ ನುಡಿಸುತ್ತಿದ್ದವರು. ಅವರ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿದ್ದರು, ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಇತ್ತು, ಹಿಂದುಸ್ತಾನಿ ಉಸ್ತಾದರಿಗೂ ಜಾಗವಿತ್ತು. ಉಸ್ತಾದ್ ಅಬ್ದುಲ್ ಕರೀಂ ಖಾನ್ ಬಂದು ಹಾಡುತ್ತಿದ್ದರು. ಉಸ್ತಾದ್ ಫೈಯಾಜ್ ಖಾನ್ ಅವರಿಗೆ ಅಫ್ತಾಬ್-ಎ-ಮೌಸೀಕಿ, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಕೊಟ್ಟದ್ದು ಮೈಸೂರೇ. ದಿವಾನರಾಗಿದ್ದವರು ನಮ್ಮ ಗೆಳತಿಯರ ಪಟ್ಟಿಯಲ್ಲಿದ್ದ ಸರ್ ಮಿರ್ಜಾ ಇಸ್ಮಾಯಿಲ್. ವೀಣೆ ಶೇಷಣ್ಣನವರು ತೀರಿಕೊಂಡು ಎರಡು ವರ್ಷವಾಗಿತ್ತು. ಮುತ್ತಯ್ಯ ಭಾಗವತರು ಹಿಂದಿನ ವರ್ಷವಷ್ಟೇ ಆಸ್ಥಾನ ಸೇರಿದ್ದರು.

1928ರ ಆಗಸ್ಟ್ 1ರಂದು ಗೌಹರ್ ಜಾನ್ ಮೈಸೂರು ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡರು. ಸಂಬಳ ತಿಂಗಳಿಗೆ 500 ರೂಪಾಯಿ. ಇರಲು ದಿಲ್‌ಖುಷ್ ಕಾಟೇಜ್ ಎಂಬ ಮನೆ. ಆಗಿನ ಮೈಸೂರಿನಲ್ಲಿ 500 ರೂಪಾಯಿ ಎಂದರೆ ದೊಡ್ಡ ಅಧಿಕಾರಿಯ ಸಂಬಳ. ಅರಸರು ಮರ್ಯಾದೆಯಿಂದಲೇ ಇಟ್ಟುಕೊಂಡರು. ಆದರೂ ಕಾಮರ್ಸ್ ಬುದ್ಧಿ ಸುಮ್ಮನಿರುವುದಿಲ್ಲ. 1902ರಲ್ಲಿ ಒಂದು ರೆಕಾರ್ಡಿಂಗಿಗೆ ಬಂದ ಹಣಕ್ಕೆ ಈಗ ಆರು ತಿಂಗಳ ಸಂಬಳ ಸೇರಿಸಬೇಕು. ಅವರಿಗೆ ಐವತ್ತೈದು ವರ್ಷ. ಜೊತೆಗೆ ಸ್ವಂತದವರು ಎನ್ನಲು ಯಾರೂ ಇರಲಿಲ್ಲ. ಸುತ್ತ ಕೇಳುವ ಭಾಷೆ ಕನ್ನಡ, ಊರಿನಲ್ಲಿ ತುಂಬಿದ್ದ ಸಂಗೀತ ತ್ಯಾಗರಾಜರದ್ದು, ದೀಕ್ಷಿತರದ್ದು. ದಸರಾ ಬಂದಾಗ ಅರಮನೆಗೆ ದೀಪ ಹಚ್ಚುತ್ತಿದ್ದರು. ಅವರ ಮೈಸೂರಿನ ಬದುಕು ಹದಿನೇಳು ತಿಂಗಳು ಮತ್ತು ಕೆಲವು ದಿನ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಭಾರತದ ಮೊದಲ ಮಾತಾಡುವ ಸಿನಿಮಾ ಬಂದದ್ದು ಮರುವರ್ಷ. ಅಲ್ಲಿಂದ ಮುಂದೆ ಹಾಡೆಂದರೆ ಸಿನಿಮಾ ಹಾಡು ಎಂದಾಯಿತು, ಅರಗಿನ ರೆಕಾರ್ಡುಗಳು ಅಟ್ಟ ಸೇರಿದವು.

ಎಪ್ಪತ್ತೈದಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಮೈಸೂರು ಅರಸರ ಬಗ್ಗೆ ಅಧ್ಯಯನ ಮಾಡುವಾಗ ಅರಮನೆಯ ಹಳೆಯ ಕಡತಗಳಲ್ಲಿ ಈ ಹೆಸರು ಕಂಡು ಬೆನ್ನು ಹತ್ತಿದರು. 2010ರಲ್ಲಿ ಗೌಹರ್ ಜಾನ್‌ರ ಜೀವನಚರಿತ್ರೆ ಬಂತು. ಹಾಡುಗಳು ಈಗ ಫೋನಿನಲ್ಲೇ ಸಿಗುತ್ತವೆ.

ಬರೆಯುವ ಮೊದಲು ಒಂದು ರಾತ್ರಿ ಮನೆಯಲ್ಲಿ ಒಂದು ಹಾಡು ಹಾಕಿದೆ. ಹೊರಗೆ ಲಗ್ಗೆರೆ ಬ್ರಿಡ್ಜ್ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು, ಒಳಗೆ ಫೋನಿನಲ್ಲಿ ಮೊದಲು ಬರೀ ಕರಕರ. ಆಮೇಲೆ ಸಾರಂಗಿ, ಆಮೇಲೆ ಆ ಕಂಠ, ದೂರದ ಕೋಣೆಯಿಂದ ಯಾರೋ ಕೂಗಿ ಕರೆದಂತೆ. ಪದಗಳು ಅರ್ಧ ಅರ್ಥವಾದವು. ಅಮ್ಮಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದವರು ಕೈ ನಿಲ್ಲಿಸಲಿಲ್ಲ. ಹಾಡು ಮುಗಿಯಿತು ಎಂದು ನಾನು ಫೋನಿಗೆ ಕೈ ಹಾಕುವಷ್ಟರಲ್ಲಿ ಆ ದನಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿತು, ಹಾಜರಿ ಕೂಗಿದಾಗ ಹೇಳುವಷ್ಟು ಚುರುಕಾಗಿ. ಅಮ್ಮಿ ತಲೆ ಎತ್ತಿದರು. ಅಬ್ಬು, ಹಾಡು ಬೇಡ, ಆ ಕೊನೆಯ ಭಾಗ ಮಾತ್ರ ಇನ್ನೊಮ್ಮೆ ಹಾಕು ಎಂದರು.